ಜೊಲ್ಲಿನ ಅಮೈಲೇಸ್ ಅಳೆಯುವುದು ಹೇಗೆ: ರಾಗಿ ಸೀಮೆಯ ಶಾಲೆಗಳಿಗೊಂದು ಕೈಪಿಡಿ

ಏಳನೇ ತರಗತಿಯಲ್ಲೂ ಬರುತ್ತದೆ, ಪಿಯುಸಿ ಪ್ರಾಯೋಗಿಕ ತರಗತಿಯಲ್ಲೂ ಬರುತ್ತದೆ: ಗಂಜಿಗೆ ಜೊಲ್ಲು ಬೆರೆಸಿ, ಅಯೋಡಿನ್ ಹಾಕಿ, ನೀಲಿ ಬಣ್ಣ ಬರುವುದಿಲ್ಲ. ಹೇಳುವುದಕ್ಕೆ ಒಂದೇ ಸಾಲು. ಮಾಡಲು ಕೂತರೆ ಒಬ್ಬರ ಪ್ರನಾಳದಲ್ಲಿ ನೀಲಿ ಅಲುಗುವುದೇ ಇಲ್ಲ, ಪಕ್ಕದವರದರಲ್ಲಿ ಗಡಿಯಾರ ನೋಡುವ ಮೊದಲೇ ಹೋಗಿರುತ್ತದೆ, ಮತ್ತೊಬ್ಬರು ಕುದಿಸಿದ ಜೊಲ್ಲು ಹಾಕಿದ್ದರೂ ಬಣ್ಣ ಮಾಯ. ಇಂಥ ಎಡವಟ್ಟುಗಳ ಹಿಂದೆ ಸಾಮಾನ್ಯವಾಗಿ ಮೂರೇ ಕಾರಣ: ಜೊಲ್ಲನ್ನು ತೆಳು ಮಾಡದೆ ಹಾಗೇ ಸುರಿದದ್ದು, ಆರದ ಗಂಜಿಗೆ ಅಯೋಡಿನ್ ಬಿಟ್ಟದ್ದು, ಕೊಳವೆಬಾವಿ ನೀರು. ಮೂರನೆಯದು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನವರಿಗೆ ಹೆಚ್ಚು ಕಾಡುತ್ತದೆ. ಬೆಂಗಳೂರಿನ ಕಾಲೇಜಿನಲ್ಲಿ ಬರೆದ ಪ್ರಾಯೋಗಿಕ ಪುಸ್ತಕಕ್ಕೆ ಆ ಕಷ್ಟ ಗೊತ್ತಿರುವುದಿಲ್ಲ.

ಇಲ್ಲಿ ಕೊಟ್ಟಿರುವ ವಿಧಾನದಲ್ಲಿ ನೀಲಿ ಹೋಯಿತೋ ಇಲ್ಲವೋ ಎಂದು ನೋಡಿ ಬಿಡುವುದಿಲ್ಲ; ಎಷ್ಟು ಹೊತ್ತಿಗೆ ಹೋಯಿತು ಎಂದು ಅಳೆಯುತ್ತೇವೆ. ಹಾಗೆ ಅಳೆದರೆ ಮಾತ್ರ ಬಿಸಿ, ಹುಳಿ, ಉಪ್ಪು, ರಾಗಿ ಇವುಗಳ ಪರಿಣಾಮ ಅಂಕಿಯಲ್ಲಿ ಸಿಗುತ್ತದೆ.

ಕಿಣ್ವ ಮತ್ತು ಅದರ ಜೀನು

ಜೊಲ್ಲು ಪಿಷ್ಟವನ್ನು ಸಕ್ಕರೆ ಮಾಡುತ್ತದೆ ಎಂದು ಜರ್ಮನಿಯ ಲಾಯ್ಕ್ಸ್ 1831ರಲ್ಲೇ ತೋರಿಸಿದ್ದ. ಆ ಕೆಲಸ ಮಾಡುವ ಕಿಣ್ವ ಆಲ್ಫಾ ಅಮೈಲೇಸ್. ಪಿಷ್ಟ ಎಂದರೆ ಗ್ಲೂಕೋಸ್ ಮಣಿಗಳ ಉದ್ದನೆಯ ಸರ. ಅಮೈಲೇಸ್ ಆ ಸರವನ್ನು ತುದಿಯಿಂದ ಒಂದೊಂದಾಗಿ ಬಿಡಿಸುವುದಿಲ್ಲ, ಮಧ್ಯೆ ಸಿಕ್ಕ ಕಡೆ ಕತ್ತರಿಸುತ್ತದೆ. ಆದ್ದರಿಂದಲೇ ಗಂಜಿ ಮೊದಲು ನೀರಾಗುತ್ತದೆ, ಸಿಹಿ ಆಮೇಲೆ ಬರುತ್ತದೆ. ಸರದ ಕವಲುಗಳ ಗಂಟು ಇದಕ್ಕೆ ಬಿಚ್ಚಲು ಬರುವುದಿಲ್ಲ. ಕೊನೆಗೆ ಉಳಿಯುವುದು ಎರಡು ಮಣಿಯ ಮಾಲ್ಟೋಸ್, ಮೂರು ಮಣಿಯ ಮಾಲ್ಟೋಟ್ರಯೋಸ್ ಮತ್ತು ಕವಲಿರುವ ಚಿಕ್ಕ ತುಂಡುಗಳು. ಗ್ಲೂಕೋಸ್ ಬರುವುದು ತೀರಾ ಕಡಿಮೆ. 'ಜೊಲ್ಲು ಪಿಷ್ಟವನ್ನು ಗ್ಲೂಕೋಸ್ ಮಾಡುತ್ತದೆ' ಎಂದು ಬರೆಸುವ ನೋಟ್ಸ್ ಇದ್ದರೆ ತಿದ್ದಿಕೊಳ್ಳಿ.

ಈ ಕಿಣ್ವದ ಬರಹ ಇರುವುದು ಒಂದನೇ ವರ್ಣತಂತುವಿನ ಗಿಡ್ಡ ತೋಳಿನಲ್ಲಿ, 1ಪಿ21 ಎಂಬ ಜಾಗದಲ್ಲಿ. ಜೀನಿನ ಹೆಸರು ಎಎಂವೈ1. ಅಲ್ಲಿ ಒಂದೇ ಜೀನು ಕೂತಿಲ್ಲ, ಒಂದು ಸಾಲೇ ಇದೆ: ಜೊಲ್ಲಿಗೆ ಎಎಂವೈ1ಎ, 1ಬಿ, 1ಸಿ, ಮೇದೋಜೀರಕ ಗ್ರಂಥಿಗೆ ಎಎಂವೈ2ಎ ಮತ್ತು 2ಬಿ. ಮೂಲದಲ್ಲಿ ಮೇದೋಜೀರಕಕ್ಕೆ ಸೇರಿದ್ದ ಜೀನಿನ ಮುಂಭಾಗಕ್ಕೆ ಹಳೆಯ ರೆಟ್ರೋವೈರಸ್ಸಿನ ತುಣುಕೊಂದು ಬಂದು ಸೇರಿಕೊಂಡ ಮೇಲೆ ಅದು ಜೊಲ್ಲಿನ ಗ್ರಂಥಿಯಲ್ಲಿ ಕೆಲಸ ಮಾಡತೊಡಗಿತು. ಜೀನು ಹೇಳಿದಂತೆ ಮೊದಲು 511 ಅಮೈನೋ ಆಮ್ಲಗಳ ಪ್ರೋಟೀನು ತಯಾರಾಗುತ್ತದೆ; ಅದರ ಮೊದಲ 15 'ಇದನ್ನು ಹೊರಗೆ ಸಾಗಿಸು' ಎಂಬ ವಿಳಾಸಚೀಟಿ, ಜೀವಕೋಶದಿಂದ ಹೊರಡುವಾಗ ಕತ್ತರಿಸಿ ಹೋಗುತ್ತದೆ. ಉಳಿದ 496ರಲ್ಲಿ ಪಿಷ್ಟ ಕತ್ತರಿಸುವ ಕತ್ತರಿ ಮೂರು ಕಡೆ ಇದೆ: 197ನೇ ಆಸ್ಪಾರ್ಟೇಟ್, 233ನೇ ಗ್ಲುಟಮೇಟ್, 300ನೇ ಆಸ್ಪಾರ್ಟೇಟ್. ಜೊತೆಗೆ ಒಂದು ಕ್ಯಾಲ್ಸಿಯಂ ಅಯಾನು ಪ್ರೋಟೀನಿನ ಆಕಾರವನ್ನು ಹಿಡಿದಿಡುತ್ತದೆ, ಕತ್ತರಿಯ ಪಕ್ಕದಲ್ಲೇ ಕೂತ ಒಂದು ಕ್ಲೋರೈಡ್ ಅಯಾನು ಕತ್ತರಿಯನ್ನು ಚುರುಕಾಗಿಡುತ್ತದೆ. ಈ ಕ್ಲೋರೈಡ್ ವಿಷಯ ನೆನಪಿಟ್ಟುಕೊಳ್ಳಿ, ನೀರಿನ ಮಾತು ಬಂದಾಗ ಬೇಕಾಗುತ್ತದೆ.

ಜೀನಿನ ಪುಟವನ್ನು ತೆರೆದು ನೋಡಬೇಕೆನ್ನುವವರು ಜೀನುಗಳ ಮಾಹಿತಿ ಕೂಡಿಟ್ಟಿರುವ ಅಮೆರಿಕದ ಎನ್‌ಸಿಬಿಐ ಜಾಲತಾಣದ ಜೀನ್ ವಿಭಾಗದಲ್ಲಿ 276 ಎಂಬ ಅಂಕಿ ಕೊಟ್ಟರೆ ಸಾಕು, ಎಎಂವೈ1ಎ ಸಿಗುತ್ತದೆ. 277, 278 ಅದರ ಸೋದರರು. 279, 280 ಮೇದೋಜೀರಕದವು. ಎಲ್ಲ ಉಚಿತ.

ಸಾಮಾನು

ಪ್ರಯೋಗಾಲಯ ಇಲ್ಲದ ಶಾಲೆಯಲ್ಲೂ ಆಗುವ ಕೆಲಸ. ಮೆಡಿಕಲ್ ಸ್ಟೋರಿನಿಂದ ಸೂಜಿ ಇಲ್ಲದ ಸಿರಿಂಜುಗಳು: 5 ಮಿ.ಲೀ.ದು ಎರಡು, 2 ಮಿ.ಲೀ.ದು ನಾಲ್ಕು. ಅಳತೆಗೆ ಡ್ರಾಪರಿಗಿಂತ ಇವು ನೂರು ಪಾಲು ವಾಸಿ. ಪ್ರನಾಳ ಎಂಟು ಹತ್ತು. ಲ್ಯಾಬ್ ಥರ್ಮಾಮೀಟರ್ ಒಂದು (ಜ್ವರ ನೋಡುವುದು ಆಗದು, ಅದು 42 ಡಿಗ್ರಿಗೆ ನಿಲ್ಲುತ್ತದೆ). ಬಿಳಿ ಟೈಲ್ಸ್ ತುಂಡು, ಇಲ್ಲವಾದರೆ ಮಾತ್ರೆ ಖಾಲಿಯಾದ ಪಾರದರ್ಶಕ ಪ್ಲಾಸ್ಟಿಕ್ ಸ್ಟ್ರಿಪ್ಪನ್ನು ಬಿಳಿ ಹಾಳೆಯ ಮೇಲಿಡಿ. ಹತ್ತು ಗುಳಿ ಇರುವ ಸ್ಟ್ರಿಪ್ಪು ಸಾಲಾಗಿ ಹನಿ ಬಿಡಲು ಹೇಳಿ ಮಾಡಿಸಿದಂತಿದೆ. ಬಿಸಿ ಕಾಯ್ದಿಡಲು ಚಪಾತಿ ಇಡುವ ಹಾಟ್‌ಬಾಕ್ಸ್: 39 ಡಿಗ್ರಿ ನೀರು ತುಂಬಿ ಪ್ರನಾಳ ನಿಲ್ಲಿಸಿದರೆ ತಣ್ಣನೆಯ ಗಾಜು ಎಳೆದುಕೊಂಡ ಮೇಲೆ 37ಕ್ಕೆ ಬಂದು ನಿಲ್ಲುತ್ತದೆ. ಪ್ರತಿ ಓಟದ (ಒಂದು ಸಲದ ಅಳತೆಯ) ಮೊದಲೂ ಕೊನೆಯೂ ಥರ್ಮಾಮೀಟರ್ ನೋಡಿ ಬರೆದುಕೊಳ್ಳಿ, ಇಳಿದಿದ್ದರೆ ಒಂದು ಲೋಟ ಬಿಸಿನೀರು ಸೇರಿಸಿ.

ನೀರು: ಗಂಜಿಗೂ ಜೊಲ್ಲು ತೆಳು ಮಾಡುವುದಕ್ಕೂ ಡಿಸ್ಟಿಲ್ಡ್ ವಾಟರ್ ಮಾತ್ರ. ಬ್ಯಾಟರಿ ಅಂಗಡಿಯಲ್ಲಿ ಕ್ಯಾನಿನಲ್ಲಿ ಸಿಗುತ್ತದೆ. ಕೇಳುವಾಗ 'ಬ್ಯಾಟರಿ ವಾಟರ್' ಎಂದು ಬಿಡಿಸಿ ಹೇಳಿ, ಲೇಬಲ್ ಓದಿ. ಅದೇ ಕಪಾಟಿನಲ್ಲಿ ಬ್ಯಾಟರಿ ಆಸಿಡ್ ಕ್ಯಾನೂ ಇರುತ್ತದೆ, ಅದು ಸಲ್ಫ್ಯೂರಿಕ್ ಆಮ್ಲ.

ಗಂಜಿ

ದಿನಸಿ ಅಂಗಡಿಯ ಕಾರ್ನ್ ಫ್ಲೋರ್ ಸಾಕು, ಅದು ಬಹುಮಟ್ಟಿಗೆ ಶುದ್ಧ ಪಿಷ್ಟ. ಕಸ್ಟರ್ಡ್ ಪೌಡರ್ ಬೇಡ, ಬಣ್ಣ ಹಾಕಿರುತ್ತಾರೆ. 1 ಗ್ರಾಂ ಪುಡಿಯನ್ನು 10 ಮಿ.ಲೀ. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ. 90 ಮಿ.ಲೀ. ನೀರು ಕುದಿಯುತ್ತಿರುವಾಗ ಅದನ್ನು ಸಣ್ಣಗೆ ಸುರಿಯುತ್ತ ಕೈ ಬಿಡದೆ ತಿರುಗಿಸಿ, ಎರಡು ನಿಮಿಷ ಕುದಿಸಿ ಇಳಿಸಿ. 0.3 ಗ್ರಾಂ ಅಡುಗೆ ಉಪ್ಪು ಸೇರಿಸಿ. ಚಿನ್ನ ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಇಲ್ಲದಿದ್ದರೆ 3 ಗ್ರಾಂ ಉಪ್ಪನ್ನು 100 ಮಿ.ಲೀ. ನೀರಲ್ಲಿ ಕರಗಿಸಿ, ಅದರಲ್ಲಿ 10 ಮಿ.ಲೀ. ತೆಗೆದುಕೊಳ್ಳಿ, ಆಗ ಕುದಿಯುವ ನೀರು 90ರ ಬದಲು 80 ಇರಲಿ.

ಥರ್ಮಾಮೀಟರ್ 97ಕ್ಕೇ ನಿಂತರೆ ಕೆಟ್ಟಿದೆ ಎಂದುಕೊಳ್ಳಬೇಡಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಸಮುದ್ರಮಟ್ಟದಿಂದ 800 ಮೀಟರಿಗಿಂತ ಮೇಲಿವೆ, ಇಲ್ಲಿ ನೀರು ಕುದಿಯುವುದೇ 97ರ ಆಸುಪಾಸಿನಲ್ಲಿ.

ಗಂಜಿ ಅಂದಂದಿನದು ಅಂದಂದಿಗೇ. ನಿನ್ನೆಯ ಗಂಜಿಯಲ್ಲಿ ಬ್ಯಾಕ್ಟೀರಿಯಾಗಳು ತಮ್ಮ ಅಮೈಲೇಸ್ ಕೆಲಸ ಶುರುಮಾಡಿರುತ್ತವೆ. ಫ್ರಿಜ್‌ನಲ್ಲಿಟ್ಟರೆ ಇನ್ನೊಂದು ತೊಂದರೆ: ಪಿಷ್ಟದ ಸರಗಳು ಮತ್ತೆ ಒತ್ತಾಗಿ ಜೋಡಿಸಿಕೊಂಡು ತಳದಲ್ಲಿ ಕೂರುತ್ತವೆ, ಕಿಣ್ವಕ್ಕೆ ಸುಲಭವಾಗಿ ಸಿಗುವುದಿಲ್ಲ.

ಅಯೋಡಿನ್

ಲ್ಯಾಬಿನಲ್ಲಿ ಮಾಡುವುದಾದರೆ 2 ಗ್ರಾಂ ಪೊಟ್ಯಾಸಿಯಂ ಅಯೊಡೈಡನ್ನು ಮೊದಲು 10 ಮಿ.ಲೀ. ನೀರಿನಲ್ಲಿ ಕರಗಿಸಿ, ಅದರಲ್ಲಿ 1 ಗ್ರಾಂ ಅಯೋಡಿನ್ ಹರಳು ಕರಗಿಸಿ, ಆಮೇಲೆ 300 ಮಿ.ಲೀ.ಗೆ ಏರಿಸಿ. ಕ್ರಮ ತಪ್ಪಿಸಿದರೆ ಹರಳು ತಳದಲ್ಲೇ ಕೂರುತ್ತದೆ, ಬರಿ ನೀರಿನಲ್ಲಿ ಅಯೋಡಿನ್ ಕರಗುವುದಿಲ್ಲವೆಂದೇ ಹೇಳಬೇಕು. ಕಂದು ಬಾಟಲಿಯಲ್ಲಿಡಿ. ಇದಿಲ್ಲದಿದ್ದರೆ ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ದ್ರಾವಣ, ಅಂದರೆ ಬೆಟಾಡಿನ್ ಥರದ್ದು, ಒಂದು ಪಾಲಿಗೆ ಒಂಬತ್ತು ಪಾಲು ನೀರು. ಮುಲಾಮು ಬೇಡ, ದ್ರಾವಣವೇ ಆಗಬೇಕು. ಯಾವುದಾದರೂ ಸರಿ, ಮೊದಲು ತಣ್ಣನೆಯ ಗಂಜಿಯ ಒಂದು ಹನಿಯ ಮೇಲೆ ನೋಡಿ: ಗಾಢ ನೀಲಿ ಬರಬೇಕು. ಕಪ್ಪಾಗಿಯೇ ಬಂದರೆ ಅಯೋಡಿನ್ ಜಾಸ್ತಿಯಾಯಿತು, ಇನ್ನಷ್ಟು ತೆಳು ಮಾಡಿ. ಇಲ್ಲದಿದ್ದರೆ ನೇರಳೆ ಬಣ್ಣದ ಹಂತ ಕಣ್ಣಿಗೇ ಬೀಳುವುದಿಲ್ಲ.

ಜೊಲ್ಲು

'ಎಂಜಲು' ಎಂಬ ಮುಜುಗರ ಮಕ್ಕಳಿಗೆ ಇದ್ದೇ ಇರುತ್ತದೆ, ಒಂದು ಲೆಕ್ಕದಲ್ಲಿ ಅದು ಒಳ್ಳೆಯದೇ. ಅವರವರ ಜೊಲ್ಲನ್ನು ಅವರವರೇ ಮುಟ್ಟಬೇಕು. ಸಿರಿಂಜು, ಪ್ರನಾಳ ಒಬ್ಬರಿಗೆ ಒಂದು ಜೊತೆ. ನೆಗಡಿ, ಕೆಮ್ಮು, ಬಾಯಿಹುಣ್ಣು, ಮಂಗನಬಾವು ಇರುವವರು ಅಂದು ಗಡಿಯಾರ ನೋಡುವ ಕೆಲಸ ಮಾಡಲಿ.

ತಿಂಡಿ ತಿಂದು ಒಂದು ಗಂಟೆಯಾದರೂ ಆಗಿರಬೇಕು. ನೀರಿನಲ್ಲಿ ಎರಡು ಸಲ ಬಾಯಿ ಮುಕ್ಕಳಿಸಿ ಉಗಿದು, ಹತ್ತು ನಿಮಿಷ ಸುಮ್ಮನೆ ಕೂರಲಿ. ಮುಕ್ಕಳಿಸಿದ ಕೂಡಲೇ ತೆಗೆದರೆ ಅರ್ಧ ನೀರೇ ಬರುತ್ತದೆ. ಆಮೇಲೆ ತಲೆ ತಗ್ಗಿಸಿ ಕೂತು, ಐದು ನಿಮಿಷ ತಾನಾಗಿ ಬಾಯಲ್ಲಿ ತುಂಬಿದ್ದನ್ನು ಪೇಪರ್ ಲೋಟಕ್ಕೆ ಇಳಿಬಿಡಬೇಕು. ಕ್ಯಾಕರಿಸಿ ಉಗಿದರೆ ಕಫ ಬರುತ್ತದೆ. ಹುಣಸೆಹಣ್ಣು ತೋರಿಸಿ ಬಾಯಲ್ಲಿ ನೀರೂರಿಸುವ ಉಪಾಯ ಬೇಡ: ಹಾಗೆ ಬರುವ ಜೊಲ್ಲು ಬೇರೆ ಗ್ರಂಥಿಗಳಿಂದ ಬೇರೆ ಪ್ರಮಾಣದಲ್ಲಿ ಬರುತ್ತದೆ, ಒಬ್ಬರದನ್ನು ಇನ್ನೊಬ್ಬರದಕ್ಕೆ ಹೋಲಿಸಲು ಆಗುವುದಿಲ್ಲ. ಸುಮ್ಮನಿರುವಾಗ ನಿಮಿಷಕ್ಕೆ 0.3ರಿಂದ 0.4 ಮಿ.ಲೀ. ಬರುವುದು ಸಾಮಾನ್ಯ, ಅಂದರೆ ಐದು ನಿಮಿಷಕ್ಕೆ ಒಂದೂವರೆ ಎರಡು ಮಿ.ಲೀ. ನೊರೆ ಇಳಿಯಲು ಬಿಡಿ. ಸಿರಿಂಜಿನಲ್ಲಿ ನೊರೆ ಎಳೆದರೆ ಅಳತೆಯೆಲ್ಲ ಸುಳ್ಳು.

ಈಗ ಮುಖ್ಯ ಹೆಜ್ಜೆ. 1 ಮಿ.ಲೀ. ಜೊಲ್ಲಿಗೆ 9 ಮಿ.ಲೀ. ನೀರು ಸೇರಿಸಿ ನಿಧಾನಕ್ಕೆ ಮೇಲೆ ಕೆಳಗೆ ಮಾಡಿ ಬೆರೆಸಿ. ಜೊಲ್ಲು ಲೋಳೆ, ಒಂದೇ ಸಲಕ್ಕೆ ಬೆರೆಯುವುದಿಲ್ಲ, ಹತ್ತು ಸಲವಾದರೂ ತಿರುಗಿಸಿ. ಮುಂದೆ 'ಹತ್ತು ಪಾಲಿಗೆ ತೆಳು' ಎಂದರೆ ಇದೇ. ತಯಾರಾದ ಮೇಲೆ ಅರ್ಧ ಗಂಟೆಯೊಳಗೆ ಬಳಸಿ.

ಓಟ

ಪ್ರನಾಳದಲ್ಲಿ 5 ಮಿ.ಲೀ. ಗಂಜಿ, ಇನ್ನೊಂದರಲ್ಲಿ 2 ಮಿ.ಲೀ.ಯಷ್ಟು ತೆಳು ಮಾಡಿದ ಜೊಲ್ಲು, ಎರಡನ್ನೂ 37 ಡಿಗ್ರಿ ನೀರಿನಲ್ಲಿ ಐದು ನಿಮಿಷ ನಿಲ್ಲಿಸಿ. ಬೆರೆಸುವ ಮೊದಲು ಎರಡೂ ಬಿಸಿಗೆ ಬಂದಿರಬೇಕು. ಇಲ್ಲದಿದ್ದರೆ ಮೊದಲ ಎರಡು ನಿಮಿಷ ನೀವು ಅಳೆಯುವುದು ಕಿಣ್ವವನ್ನಲ್ಲ, ಗಾಜು ಬಿಸಿಯಾಗುವುದನ್ನು. ಅಷ್ಟರಲ್ಲಿ ಟೈಲ್ಸಿನ ಮೇಲೆ ಒಂದೊಂದು ಹನಿ ಅಯೋಡಿನ್ ಸಾಲಾಗಿ ಬಿಟ್ಟಿಡಿ, ಇಪ್ಪತ್ತು ಹನಿ ಸಾಕು.

ಗಂಜಿಗೆ 1 ಮಿ.ಲೀ. ಜೊಲ್ಲಿನ ದ್ರಾವಣ ಸೇರಿಸಿ, ಬೆರೆಸಿ, ಗಡಿಯಾರ ಶುರು. ಪ್ರತಿ 30 ಸೆಕೆಂಡಿಗೆ ಒಂದು ಹನಿ ತೆಗೆದು ಮುಂದಿನ ಅಯೋಡಿನ್ ಹನಿಗೆ ಸೇರಿಸಿ. ಡ್ರಾಪರಿನ ತುದಿ ಅಯೋಡಿನ್‌ಗೆ ತಾಗಬಾರದು, ಮೇಲಿನಿಂದ ಬೀಳಬೇಕು. ತಾಗಿದ ತುದಿ ಮತ್ತೆ ಪ್ರನಾಳಕ್ಕೆ ಹೋದರೆ ಅಯೋಡಿನ್ ಕಿಣ್ವವನ್ನು ಕೆಡಿಸುತ್ತದೆ. ಅದೇ ಕಾರಣಕ್ಕೆ ಪ್ರನಾಳಕ್ಕೇ ಅಯೋಡಿನ್ ಹಾಕಿ ಬಣ್ಣ ಮಾಸುವುದನ್ನು ನೋಡುತ್ತ ಕೂರುವ ವಿಧಾನ ಸರಿಯಲ್ಲ.

ಬಣ್ಣ ಹೀಗೆ ಇಳಿಯುತ್ತದೆ: ಕಡುನೀಲಿ, ನೇರಳೆ, ಕೆಂಪುಗಂದು, ಕೊನೆಗೆ ಬರಿ ಅಯೋಡಿನ್ನಿನ ಹಳದಿ. ಪಿಷ್ಟದ ಸರ ಸುರುಳಿಯಾಗಿರುತ್ತದೆ, ಅಯೋಡಿನ್ ಆ ಸುರುಳಿಯೊಳಗೆ ಸಾಲಾಗಿ ಕೂತಾಗ ನೀಲಿ. ಸರ ಮೋಟಾದಂತೆ ಸಾಲೂ ಮೋಟು, ಬಣ್ಣ ಕೆಂಪಿನ ಕಡೆ ಜಾರುತ್ತದೆ. ತೀರಾ ಚಿಕ್ಕದಾದಾಗ ಬಣ್ಣವೇ ಇಲ್ಲ. ಹಳದಿಗೆ ಬಂದ ಮೊದಲ ಹನಿಯ ಸಮಯ ನಿಮ್ಮ ಉತ್ತರ. ಅದರ ಪಕ್ಕ ಬರಿ ಅಯೋಡಿನ್ ಹನಿಯೊಂದನ್ನು ಹೋಲಿಕೆಗೆ ಇಟ್ಟಿರಿ, ಕಣ್ಣು ಮೋಸ ಮಾಡುತ್ತದೆ. ಹಳದಿ ಬಂತೆಂದರೆ ಪಿಷ್ಟವೆಲ್ಲ ಮಾಲ್ಟೋಸ್ ಆಯಿತೆಂದಲ್ಲ. ನೀಲಿ ಕೊಡುವಷ್ಟು ಉದ್ದದ ಸರ ಉಳಿದಿಲ್ಲ ಎಂದಷ್ಟೇ. ಕತ್ತರಿಸುವ ಕೆಲಸ ಇನ್ನೂ ನಡೆದಿರುತ್ತದೆ.

ಸಮಯ 4ರಿಂದ 10 ನಿಮಿಷದೊಳಗೆ ಬರುವಂತೆ ನೋಡಿಕೊಳ್ಳಿ. ಎರಡು ನಿಮಿಷಕ್ಕೇ ಬಂದರೆ ಜೊಲ್ಲನ್ನು ಇಪ್ಪತ್ತು ಪಾಲಿಗೋ ಐವತ್ತು ಪಾಲಿಗೋ ತೆಳು ಮಾಡಿ. ಕಾಲು ಗಂಟೆಯಾದರೂ ನೀಲಿ ಹೋಗದಿದ್ದರೆ ಐದು ಪಾಲಿಗೆ ಇಳಿಯಿರಿ. ಪ್ರಯೋಗ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಉಪಾಯ: ಕಿಣ್ವ ಅರ್ಧ ಮಾಡಿದರೆ ಸಮಯ ಸುಮಾರು ಎರಡರಷ್ಟಾಗಬೇಕು. ಹತ್ತು ಪಾಲಿಗೆ 4 ನಿಮಿಷ, ಇಪ್ಪತ್ತು ಪಾಲಿಗೆ 8ರ ಹತ್ತಿರ. 5 ಬಂತೆಂದರೆ ಅಳತೆ ತಪ್ಪಿದೆ, ಮುಂದಿನ ಹೋಲಿಕೆಗಳಿಗೆ ಹೋಗಬೇಡಿ.

ಎರಡು ಹೋಲಿಕೆ ಪ್ರನಾಳ ಯಾವಾಗಲೂ ಬೇಕು: ಜೊಲ್ಲಿನ ಬದಲು ಬರಿ ನೀರು ಹಾಕಿದ್ದು, ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಟ್ಟು ಆರಿಸಿದ ಜೊಲ್ಲು ಹಾಕಿದ್ದು. ಎರಡೂ ಕೊನೆಯವರೆಗೆ ನೀಲಿಯಾಗಿರಬೇಕು. ಸಕ್ಕರೆ ಬಂದಿದೆ ಎಂದು ತೋರಿಸಲು ಬೆನೆಡಿಕ್ಟ್ ದ್ರಾವಣ 2 ಮಿ.ಲೀ.ಗೆ ಎಂಟು ಹನಿ ಮಾದರಿ, ಕುದಿಯುವ ನೀರಿನಲ್ಲಿ ಐದು ನಿಮಿಷ; ಹಸಿರಿನಿಂದ ಇಟ್ಟಿಗೆ ಕೆಂಪಿನವರೆಗೆ ಯಾವ ಬಣ್ಣ ಬಂದರೂ ಸಕ್ಕರೆ ಇದೆ.

ಎಲ್ಲಿ ಎಡವುತ್ತಾರೆ

ಕುದಿಸಿದ ಜೊಲ್ಲಿನ ಪ್ರನಾಳದಲ್ಲೂ ನೀಲಿ ಬರಲಿಲ್ಲವೇ? ಪ್ರನಾಳ ಮುಟ್ಟಿ ನೋಡಿ. ಬಿಸಿಯಲ್ಲಿ ಪಿಷ್ಟದ ಸುರುಳಿ ಸಡಿಲವಾಗಿ ಅಯೋಡಿನ್ ಹೊರಬರುತ್ತದೆ, ನೀಲಿ ಹೋಗುತ್ತದೆ. ತಣ್ಣಗಾದರೆ ಮರಳಿ ಬರುತ್ತದೆ. ಇದು ಕಿಣ್ವದ ಕೆಲಸವಲ್ಲ. 60 ಡಿಗ್ರಿಯ ಓಟ ಮಾಡುವಾಗಲೂ ಇದೇ ಬಲೆ, ಹನಿಯನ್ನು ಟೈಲ್ಸಿನ ಮೇಲೆ ಆರಲು ಬಿಟ್ಟು ಆಮೇಲೆ ಓದಿ.

ಹುಳಿಯ ಪರಿಣಾಮ ನೋಡಲು ನಿಂಬೆರಸ ಹಿಂಡುವುದು ಹೆಚ್ಚಿನವರ ಅಭ್ಯಾಸ. ನಿಂಬೆಯಲ್ಲಿರುವ ಸಿ ಜೀವಸತ್ವ ಅಯೋಡಿನ್ನನ್ನೇ ತಿಂದು ಹಾಕುತ್ತದೆ, ಬಣ್ಣವಿಲ್ಲದ ಹನಿ ನೋಡಿ 'ಹುಳಿಯಲ್ಲಿ ಕಿಣ್ವ ಜೋರು' ಎಂಬ ತಲೆಕೆಳಗಾದ ತೀರ್ಮಾನ ಬರುತ್ತದೆ. ಬಿಳಿ ವಿನೆಗರ್ ಬಳಸಿ. ಅಡುಗೆ ಸೋಡಾ ಹಾಕಿದಾಗಲೂ ಎಚ್ಚರ: ಕ್ಷಾರದಲ್ಲಿ ಅಯೋಡಿನ್ ಬಣ್ಣ ಕಳೆದುಕೊಳ್ಳುತ್ತದೆ, ಆದ್ದರಿಂದ ಪ್ರತಿ ಅಯೋಡಿನ್ ಹನಿಗೆ ಮೊದಲೇ ಒಂದು ಹನಿ ವಿನೆಗರ್ ಸೇರಿಸಿಡಿ. ಜೊಲ್ಲಿನ ಅಮೈಲೇಸ್ ಹುಮ್ಮಸ್ಸಿನಿಂದ ಕೆಲಸ ಮಾಡುವುದು ಪಿಎಚ್ 6.7ರಿಂದ 7ರ ಆಸುಪಾಸಿನಲ್ಲಿ.

ಡಿಸೆಂಬರ್ ಬೆಳಗಿನ ತರಗತಿ, ಏಪ್ರಿಲ್ ಮಧ್ಯಾಹ್ನದ ತರಗತಿ ಎರಡರಲ್ಲೂ 'ಕೊಠಡಿಯ ಉಷ್ಣತೆ' ಎಂದೇ ಬರೆದರೆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡಲಾಗದು. ಡಿಗ್ರಿಯನ್ನೇ ಬರೆಯಿರಿ.

ಉಪ್ಪು ಮತ್ತು ಕೊಳವೆಬಾವಿ

ಇಡೀ ಪ್ರಯೋಗದಲ್ಲಿ ಅತ್ಯಂತ ಚೆಂದದ ಭಾಗ ಇದು, ಶಾಲೆಗಳಲ್ಲಿ ಬಹುತೇಕ ಕೈಬಿಡುವ ಭಾಗವೂ ಇದೇ. ಕ್ಲೋರೈಡ್ ಇಲ್ಲದಿದ್ದರೆ ಅಮೈಲೇಸ್ ಮಂಕಾಗುತ್ತದೆ. ತೋರಿಸಲು ಗಂಜಿಯನ್ನು ಎರಡು ಬಗೆ ಮಾಡಿ: ಒಂದು ಉಪ್ಪಿಲ್ಲದೆ, ಇನ್ನೊಂದು 100 ಮಿ.ಲೀ.ಗೆ 0.3 ಗ್ರಾಂ ಉಪ್ಪು ಹಾಕಿ. ಅದೇ ಜೊಲ್ಲು, ಅದೇ 37 ಡಿಗ್ರಿ. ಉಪ್ಪಿಲ್ಲದ್ದು ಗಣನೀಯವಾಗಿ ತಡವಾಗಬೇಕು. ಜೊಲ್ಲಿನಲ್ಲೇ ಸ್ವಲ್ಪ ಕ್ಲೋರೈಡ್ ಇರುವುದರಿಂದ ಹತ್ತು ಪಾಲಿಗಿಂತ ಕಡಿಮೆ ತೆಳು ಮಾಡಿದರೆ ವ್ಯತ್ಯಾಸ ಕಾಣಿಸುವುದಿಲ್ಲ. ಇಪ್ಪತ್ತು ಪಾಲು ಒಳ್ಳೆಯದು.

ಇದೇ ಪ್ರಯೋಗವನ್ನು ಸಾವಿರ ಅಡಿ ಬೋರಿನ ನೀರಿನಲ್ಲಿ ಮಾಡಿದರೆ ಎರಡೂ ಪ್ರನಾಳ ಒಂದೇ ಹೊತ್ತಿಗೆ ಹಳದಿಯಾಗಬಹುದು. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಒಪ್ಪಿರುವ ಕ್ಲೋರೈಡ್ ಮಿತಿ ಲೀಟರಿಗೆ 250 ಮಿಲಿಗ್ರಾಂ. ಆ ಮಿತಿಯಲ್ಲಿರುವ ನೀರೆಂದರೂ ಸುಮಾರು 7 ಮಿಲಿಮೋಲ್ ಕ್ಲೋರೈಡ್. ಅಮೈಲೇಸ್ ಚುರುಕಾಗಲು ಅಷ್ಟು ಧಾರಾಳ. ಅಂದರೆ 'ಉಪ್ಪಿಲ್ಲದ' ಗಂಜಿಗೆ ನೀರೇ ಉಪ್ಪು ಹಾಕಿಬಿಟ್ಟಿರುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರಿನಲ್ಲಿ ಕ್ಲೋರೈಡ್ ಕಡಿಮೆ, ಆದರೆ ಪೂರ್ತಿ ಹೋಗಿರುವುದಿಲ್ಲ. ಬ್ಯಾಟರಿ ನೀರನ್ನೂ ಕುರುಡಾಗಿ ನಂಬಬೇಡಿ: ಒಂದು ಪ್ರನಾಳ ನೀರಿಗೆ ಎರಡು ಹನಿ ದುರ್ಬಲ ನೈಟ್ರಿಕ್ ಆಮ್ಲ, ಎರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿ ಕಪ್ಪು ಹಾಳೆಯ ಎದುರು ಹಿಡಿಯಿರಿ. ಹಾಲಿನಂತೆ ಬಿಳಿ ಕದಡಿದರೆ ಕ್ಲೋರೈಡ್ ಇದೆ. ನೈಟ್ರಿಕ್ ಆಮ್ಲ ಬಿಟ್ಟರೆ ಕಾರ್ಬೊನೇಟ್ ಕೂಡ ಬಿಳಿಯಾಗಿ ಮೋಸ ಮಾಡುತ್ತದೆ. ಸಿಲ್ವರ್ ನೈಟ್ರೇಟ್ ಕೈಗೆ ತಾಗಿದರೆ ಕಪ್ಪು ಕಲೆ ವಾರ ಇರುತ್ತದೆ.

ಗಡಸು ನೀರಿನ ಇನ್ನೊಂದು ಕಿತಾಪತಿ ಕುದಿಸುವಾಗ ಬರುತ್ತದೆ. ನೀರಿನ ಬೈಕಾರ್ಬೊನೇಟ್ ಕುದಿತದಲ್ಲಿ ಕಾರ್ಬನ್ ಡೈಆಕ್ಸೈಡ್ ಬಿಟ್ಟುಕೊಟ್ಟು ನೀರು ಕ್ಷಾರದ ಕಡೆ ವಾಲುತ್ತದೆ. ಪಾತ್ರೆಯ ತಳಕ್ಕೆ ಬಿಳಿ ಸುಣ್ಣ ಹತ್ತುವುದೂ ಆಗಲೇ. ಅಂಥ ನೀರಿನಲ್ಲಿ ಮಾಡಿದ ಗಂಜಿಯಲ್ಲಿ ಕಿಣ್ವವೂ ನಿಧಾನ, ಅಯೋಡಿನ್ ಬಣ್ಣವೂ ಪೇಲವ. ಒಂದು ದೋಷ ಸಮಯ ಹೆಚ್ಚಿಸುತ್ತದೆ, ಇನ್ನೊಂದು ಕಡಿಮೆ ತೋರಿಸುತ್ತದೆ, ಕೊನೆಗೆ ಸಿಗುವ ಅಂಕಿಗೆ ತಲೆಬುಡ ಇರುವುದಿಲ್ಲ.

ರಾಗಿಯ ಮೇಲೆ

ಮುದ್ದೆಯನ್ನು ಜಗಿಯದೆ ಬಸ್ಸಾರಿನಲ್ಲಿ ಅದ್ದಿ ನುಂಗುವವರಿಗೆ ಜೊಲ್ಲಿನ ಅಮೈಲೇಸ್ ಎಷ್ಟು ಉಪಯೋಗ ಎಂಬ ಪ್ರಶ್ನೆ ತರಗತಿಯಲ್ಲಿ ಬಂದೇ ಬರುತ್ತದೆ. ಬಾಯಲ್ಲಿ ಕೆಲಸ ಮಾಡಲು ಅದಕ್ಕೆ ಪುರುಸೊತ್ತೇ ಸಿಗುವುದಿಲ್ಲ, ನಿಜ. ತುತ್ತಿನ ಜೊತೆ ಇಳಿದದ್ದು ಹೊಟ್ಟೆಯ ಹುಳಿ ತುತ್ತಿನೊಳಕ್ಕೆ ಇಳಿಯುವವರೆಗೆ ಒಂದಿಷ್ಟು ಕೆಲಸ ಮಾಡುತ್ತದೆ. ಉಳಿದದ್ದನ್ನು ಸಣ್ಣ ಕರುಳಿನಲ್ಲಿ ಮೇದೋಜೀರಕದ ಅಮೈಲೇಸ್, ಅಂದರೆ ಎಎಂವೈ2 ಜೀನುಗಳ ಸರಕು, ನೋಡಿಕೊಳ್ಳುತ್ತದೆ. ನುಂಗುವವರು ಚಿಂತೆ ಮಾಡಬೇಕಾಗಿಲ್ಲ.

ರಾಗಿ ಹಿಟ್ಟಿನ ಅಂಬಲಿಯನ್ನೇ ನೇರವಾಗಿ ಪ್ರಯೋಗಕ್ಕೆ ಇಟ್ಟರೆ ಕಂದು ಬಣ್ಣದಲ್ಲಿ ನೀಲಿ ಮುಚ್ಚಿಹೋಗುತ್ತದೆ. ಅದಕ್ಕಿಂತ ಹಾಲುಬಾಯಿ ಮಾಡುವ ಕ್ರಮ ಹಿಡಿಯಿರಿ: ರಾಗಿಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು, ಮೂರು ನಾಲ್ಕು ಗಂಟೆ ಅಲುಗಾಡಿಸದೆ ಇಡಿ. ಮೇಲಿನ ನೀರು ಬಸಿದರೆ ತಳದಲ್ಲಿ ಕೂತ ಬೂದುಬಿಳಿ ಗಷ್ಟು ಹೆಚ್ಚುಪಾಲು ಪಿಷ್ಟ. ಒಣಗಿಸಿ 1 ಗ್ರಾಂ ತೂಗಿ ಮೊದಲಿನಂತೆಯೇ ಗಂಜಿ ಮಾಡಿ. ಪಕ್ಕದಲ್ಲಿ ಇಡೀ ರಾಗಿ ಹಿಟ್ಟಿನ ಗಂಜಿ ಇರಲಿ, 1.6 ಗ್ರಾಂ ಹಿಟ್ಟು, ಬಟ್ಟೆಯಲ್ಲಿ ಸೋಸಿದ್ದು. ಹಿಟ್ಟಿನಲ್ಲಿ ಮೂರರಲ್ಲಿ ಎರಡು ಪಾಲಿನ ಹತ್ತಿರ ಮಾತ್ರ ಪಿಷ್ಟ ಇರುವುದರಿಂದ ಈ ಲೆಕ್ಕ.

ಇಡೀ ಹಿಟ್ಟಿನದು ತಡವಾದರೆ ಅದಕ್ಕೆ ಒಂದು ಕಾರಣ ರಾಗಿಯ ಕೆಂಪು ಸಿಪ್ಪೆಯ ಪಾಲಿಫೀನಾಲುಗಳು. ಅಮೈಲೇಸ್‌ಗೆ ಅವು ಅಡ್ಡಗಾಲು ಹಾಕುತ್ತವೆ. ಹಾಗಂತ ವ್ಯತ್ಯಾಸವನ್ನೆಲ್ಲ ಅವುಗಳ ತಲೆಗೆ ಕಟ್ಟಬೇಡಿ. ನಾರಿನೊಳಗೆ ಸಿಕ್ಕಿಕೊಂಡ ಪಿಷ್ಟ ಕಿಣ್ವಕ್ಕೆ ಎಟುಕುವುದಿಲ್ಲ, ಜೊತೆಗೆ ಪಾಲಿಫೀನಾಲುಗಳು ಅಯೋಡಿನ್ನನ್ನೂ ಒಂದಿಷ್ಟು ಕಬಳಿಸುತ್ತವೆ. ಜೊಲ್ಲು ಹಾಕದ ರಾಗಿ ಗಂಜಿಯ ಹನಿ ಎಷ್ಟು ನೀಲಿ ಕೊಡುತ್ತದೆ ಎಂದು ಮೊದಲೇ ನೋಡಿಟ್ಟುಕೊಂಡಿದ್ದರೆ ಮಾತ್ರ ಹೋಲಿಕೆಗೆ ಬೆಲೆ.

ಮೊಳಕೆ ರಾಗಿ ಹಿಟ್ಟು ಈ ಪ್ರಯೋಗಕ್ಕೆ ಸಲ್ಲದು. ಮೊಳಕೆ ಬಂದ ಕಾಳಿನಲ್ಲಿ ಗಿಡದ್ದೇ ಅಮೈಲೇಸ್ ಇರುತ್ತದೆ, ಜೊಲ್ಲಿಲ್ಲದೆಯೇ ನೀಲಿ ಇಳಿಯುತ್ತದೆ. ಅದನ್ನೇ ಬೇರೆ ಪ್ರಯೋಗ ಮಾಡಬಹುದು: ದಪ್ಪ ಗಂಜಿ 60 ಡಿಗ್ರಿಗೆ ಆರಿದ ಮೇಲೆ ಒಂದು ಚಮಚ ಹುರಿಯದ ಮೊಳಕೆ ಹಿಟ್ಟು ಕಲಸಿ ಹತ್ತು ನಿಮಿಷ ಬಿಟ್ಟರೆ ಗಂಜಿ ನೀರಾಗುತ್ತದೆ. ಹುರಿಹಿಟ್ಟಿನಲ್ಲಿ ಇದು ಆಗದು, ಹುರಿದ ಬಿಸಿಗೆ ಕಿಣ್ವ ಸತ್ತಿರುತ್ತದೆ.

ಅಂಕಿಯಿಂದ ಜೀನಿಗೆ ಹಾರಬೇಡಿ

ಒಬ್ಬರಿಗೆ 4 ನಿಮಿಷ, ಇನ್ನೊಬ್ಬರಿಗೆ 12 ನಿಮಿಷ ಬಂದಾಗ 'ನಿನಗೆ ಜೀನು ಜಾಸ್ತಿ' ಎನ್ನುವ ಆಸೆ ಸಹಜ. ಎಎಂವೈ1ರ ಪ್ರತಿಗಳು ಒಬ್ಬೊಬ್ಬರಲ್ಲಿ ಒಂದೊಂದು ಸಂಖ್ಯೆಯಲ್ಲಿರುವುದು ನಿಜವೇ: ಎರಡರಿಂದ ಹಿಡಿದು ಹದಿನೆಂಟು ಇಪ್ಪತ್ತರವರೆಗೆ. ಪಿಷ್ಟ ಹೆಚ್ಚು ತಿನ್ನುವ ಸಮುದಾಯಗಳಲ್ಲಿ ಪ್ರತಿಗಳ ಸರಾಸರಿ ಹೆಚ್ಚು ಎಂದು 2007ರ ಅಧ್ಯಯನವೊಂದು ತೋರಿಸಿತು. ಆದರೆ ಅದೇ ಅಧ್ಯಯನದಲ್ಲಿ ಜೊಲ್ಲಿನ ಅಮೈಲೇಸ್ ಏರಿಳಿತದ ಸುಮಾರು ಮೂರನೇ ಒಂದು ಭಾಗಕ್ಕಷ್ಟೇ ಪ್ರತಿಗಳ ಸಂಖ್ಯೆ ಉತ್ತರ ಕೊಟ್ಟಿತ್ತು. ಮಿಕ್ಕದ್ದು ಬೇರೆ ಕಾರಣ: ಎದ್ದ ಕೂಡಲೇ ಅಮೈಲೇಸ್ ಕಡಿಮೆಯಾಗಿ ಮಧ್ಯಾಹ್ನಕ್ಕೆ ಏರುತ್ತದೆ, ಪರೀಕ್ಷೆಯ ಭಯದಂಥ ಒತ್ತಡದಲ್ಲಿ ಹೆಚ್ಚುತ್ತದೆ, ನೀರು ಕುಡಿದದ್ದು, ಜೊಲ್ಲು ಹರಿಯುವ ವೇಗ ಎಲ್ಲ ಸೇರುತ್ತದೆ. ಒಬ್ಬರದೇ ಜೊಲ್ಲನ್ನು ಬೆಳಗ್ಗೆ 9ಕ್ಕೂ ಸಂಜೆ 4ಕ್ಕೂ ಅಳೆದು ನೋಡಿ, ಎರಡು ಅಂಕಿ ಬರುತ್ತದೆ. ಜೀನು ಬದಲಾಗಿರುವುದಿಲ್ಲ.

ಪ್ರತಿ ಕಡಿಮೆಯಿದ್ದರೆ ಬೊಜ್ಜು ಎಂದು 2014ರಲ್ಲಿ ಬಂದ ವರದಿಯೂ ಗಟ್ಟಿಯಾಗಿ ನಿಲ್ಲಲಿಲ್ಲ. 2015ರಲ್ಲಿ ಹೆಚ್ಚು ನಿಖರವಾಗಿ ಎಣಿಸಿದವರಿಗೆ ಆ ಸಂಬಂಧ ಸಿಗಲಿಲ್ಲ. ಹತ್ತು ಪ್ರತಿಯೋ ಹನ್ನೊಂದೋ ಎಂದು ಎಣಿಸುವುದು ಮಾಮೂಲಿ ಪಿಸಿಆರ್‌ಗೆ (ಡಿಎನ್‌ಎ ತುಣುಕನ್ನು ಮತ್ತೆ ಮತ್ತೆ ನಕಲು ಮಾಡಿ ಹೆಚ್ಚಿಸುವ ವಿಧಾನಕ್ಕೆ) ಕಷ್ಟ. ಮಾದರಿಯನ್ನು ಸಾವಿರಾರು ಹನಿಗಳಾಗಿ ಒಡೆದು ಎಣಿಸುವ ಡಿಜಿಟಲ್ ಪಿಸಿಆರ್ ಬೇಕು. ಒಂದು ವರ್ಣತಂತುವಿನಲ್ಲಿ ಸಾಮಾನ್ಯವಾಗಿ 1, 3, 5 ಹೀಗೆ ಬೆಸ ಸಂಖ್ಯೆಯ ಪ್ರತಿಗಳಿರುವುದರಿಂದ ತಾಯಿಯದೂ ತಂದೆಯದೂ ಸೇರಿ ಬಹಳ ಜನರಲ್ಲಿ ಮೊತ್ತ ಸಮಸಂಖ್ಯೆ ಎಂಬುದು ತಿಳಿದದ್ದೂ ಅಂಥ ಎಣಿಕೆಯಿಂದಲೇ. ಬೇಸಾಯ ಬಂದಮೇಲೆ ಪ್ರತಿಗಳು ಹುಟ್ಟಿದವು ಎಂಬ ಮಾತನ್ನೂ ತಿದ್ದಬೇಕು: ಮೊದಲ ನಕಲು 8 ಲಕ್ಷ ವರ್ಷಕ್ಕೂ ಹಿಂದಿನದು ಎಂದು 2024ರ ಅಧ್ಯಯನ ಹೇಳುತ್ತದೆ. ಬೇಸಾಯ ಮಾಡಿದ್ದು ಆಗಲೇ ಇದ್ದ ಹೆಚ್ಚು ಪ್ರತಿಯವರನ್ನು ಮುಂದೆ ತಂದದ್ದು. ಮನೆಯ ಮುದ್ದೆ ತಿಂದು ಬೆಳೆಯುವ ನಾಯಿಯದೂ ಇಂಥದೇ ಕತೆ, ಆದರೆ ಅದರ ಜೊಲ್ಲಿನಲ್ಲಿ ಹುಡುಕಬೇಡಿ: ತೋಳಕ್ಕೆ ಎರಡೇ ಇರುವ ಎಎಂವೈ2ಬಿ ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೂ ಇದೆ, ಕೆಲಸ ಮಾಡುವುದು ಮೇದೋಜೀರಕದಲ್ಲಿ.

ಆದ್ದರಿಂದ ಪುಸ್ತಕದಲ್ಲಿ ಬರೆಯುವಾಗ 'ಜೊಲ್ಲಿನ ಅಮೈಲೇಸ್ ಚಟುವಟಿಕೆ, 10 ಪಾಲು ತೆಳು, 37 ಡಿಗ್ರಿ, 0.3 ಶೇಕಡಾ ಉಪ್ಪು, ಬೆಳಗ್ಗೆ 11 ಗಂಟೆ, ನೀಲಿ ಹೋದ ಸಮಯ 6 ನಿಮಿಷ 30 ಸೆಕೆಂಡ್' ಎಂದಿರಲಿ. ಮಕ್ಕಳ ಹೆಸರಿನ ಬದಲು ಸಂಖ್ಯೆ ಹಾಕಿ. ಗೋಡೆಗೆ ಹಚ್ಚುವ ಪಟ್ಟಿಯಲ್ಲಿ ಯಾರ ಅಂಕಿ ಯಾವುದೆಂದು ಗೊತ್ತಾಗುವುದು ಬೇಡ.

ಮುಗಿದ ಮೇಲೆ ಜೊಲ್ಲಿನ ಲೋಟಗಳನ್ನು ಬ್ಲೀಚಿಂಗ್ ಪುಡಿ ಕದಡಿದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು ಎಸೆಯಿರಿ. ಗಾಜಿನ ಪ್ರನಾಳಗಳನ್ನು ಹತ್ತು ನಿಮಿಷ ಕುದಿಸಿ ಆಮೇಲೆ ಸೋಪಿನಲ್ಲಿ ತೊಳೆದು, ಕೊನೆಯ ಸಲ ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ. ಸೋಪಿನ ಪಸೆ ಉಳಿದರೆ ಮುಂದಿನ ತಂಡದ ಕಿಣ್ವ ಕೆಡುತ್ತದೆ. ಬೆನೆಡಿಕ್ಟ್ ದ್ರಾವಣದಲ್ಲಿ ತಾಮ್ರ ಇರುವುದರಿಂದ ಅದನ್ನು ಗಿಡದ ಬುಡಕ್ಕೆ ಚೆಲ್ಲದೆ ಒಂದು ಡಬ್ಬಿಯಲ್ಲಿ ಶೇಖರಿಸಿ. ಟೈಲ್ಸಿನ ಅಯೋಡಿನ್ ಕಲೆಗೆ ಹಿಂಡಿ ಬಿಸಾಡುವ ನಿಂಬೆಹೋಳು ಸಾಕು, ಉಜ್ಜಿದರೆ ಹೋಗುತ್ತದೆ.